ಎರಡು ತಟ್ಟೆ ಹೆಚ್ಚು

ಮೇಷ್ಟ್ರೇ,
ಮಂಜು ಮುಸುಕಿದ ಆ ಬೆಳಗು ದೋಣಿ ದಾರಿ ತಪ್ಪಿ
ನಮ್ಮ ದಡಕ್ಕೆ ಬಂದು ತಾಗಿತೆಂದು
ನನ್ನ ಗಂಡ ಇನ್ನೂ ನಂಬಿದ್ದಾನೆ.
ನೂಷಾತೆಲ್ ಸರೋವರಕ್ಕೆ ನಮಗಿಂತ ಬುದ್ಧಿ ಇದೆ
ಅನ್ನುತ್ತಾನೆ, ನನ್ನ ಜಡೆ ಎಳೆಯುತ್ತಾನೆ.

ಅವತ್ತು ಕೋಳಿ ಕೂಗುವ ಮೊದಲೇ ಅಮ್ಮ
ಆರು ತವರದ ತಟ್ಟೆಗಳನ್ನು ಬೂದಿಯಲ್ಲಿ ತಿಕ್ಕಿದ್ದಳು.
ಮನೆಯಲ್ಲಿ ಇದ್ದದ್ದು ನಾಲ್ಕೇ ಬಾಯಿ.
ಯಾರು ಬರ್ತಾರಮ್ಮ, ಅಂದೆ.
ಯಾರೂ ಇಲ್ಲ. ಆ ನೀಲಿ ಅಂಗಿ ತೊಟ್ಟುಕೋ,
ಕಿಟಕಿಯ ಹತ್ತಿರ ಕೂತು ಲೇಸು ಹೆಣೆ ಸಲೋಮೆ,
ಬೆಳಕು ಅಲ್ಲಿ ಚೆನ್ನಾಗಿದೆ.

ಬೆಳಕು! ಅಂಗೈ ಕಾಣದಷ್ಟು ಮಂಜಿತ್ತು.

ಅಂಬಿಗ ಗಿಯೋಮ್ ಮೊನ್ನೆ ಕುಡಿದಿದ್ದ, ಬಾಯಿ ಬಿಟ್ಟ:
ನಲವತ್ತು ವರ್ಷ ಈ ನೀರಲ್ಲಿ ಕಣ್ಣು ಮುಚ್ಚಿ ಹುಟ್ಟು ಹಾಕಿದವನು ನಾನು,
ಮೂರು ಸುತ್ತು ಸುಮ್ಮನೆ ಸುತ್ತಿಸು ಅಂತ
ಬಾರ್ಬೆಜಾ ಮೇಷ್ಟ್ರು ಎರಡು ಬೆಳ್ಳಿ ಕೊಟ್ಟರು,
ದೇವರಾಣೆ, ಸುತ್ತಿಸಿದೆ.

ನಿಮ್ಮ ಶ್ರಮ ಸಣ್ಣದಲ್ಲ, ಬಲ್ಲೆ.
ಹನ್ನೆರಡರವರೆಗೆ ಜೋನಾಸನ ಕೈಗೆ ಪುಸ್ತಕ ಕೊಡಲಿಲ್ಲ,
ಉಳಿ ಕೊಟ್ಟಿರಿ. ಅವನು ಮಾಡಿದ ಸ್ಟೂಲು ಈಗಲೂ ಕುಂಟುತ್ತದೆ,
ಅದರ ಮೇಲೇ ಕೂತು ಹಾಲು ಕರೆಯುತ್ತೇನೆ.
ದನಿ ಒಡೆದ ವರ್ಷ ಜೂರಾ ಬೆಟ್ಟಗಳನ್ನೆಲ್ಲ ಹತ್ತಿಸಿದಿರಿ,
ಮೈ ದಣಿದರೆ ಮನಸ್ಸು ಮಲಗುತ್ತದೆಂದು.
ಹದಿನೇಳಕ್ಕೆ, ಸುಣ್ಣದ ಭಟ್ಟಿಯಲ್ಲಿ ಬೆಂದವನೊಬ್ಬನ
ಹಾಸಿಗೆಯ ಪಕ್ಕ ಇಡೀ ರಾತ್ರಿ ಕೂರಿಸಿದಿರಿ:
ಕರುಣೆ ಮೊದಲು ಬರಲಿ, ಆಸೆ ಆಮೇಲೆ.
ಅದನ್ನು ನಾನು ಅಲ್ಲಗಳೆಯುವುದಿಲ್ಲ.
ನನಗೆ ಜ್ವರ ಬಂದಾಗ ಅವನು ನೀರು ಕುಡಿಸುವ ರೀತಿ
ಆ ರಾತ್ರಿಯಿಂದ ಬಂದದ್ದು.

ಯಾರ ಅಪ್ಪಣೆಯನ್ನೂ ಕಣ್ಣುಮುಚ್ಚಿ ಒಪ್ಪಬೇಡ,
ಕಂಡದ್ದನ್ನೇ ನಂಬು, ಅಂತ ಕಲಿಸಿದಿರಿ.
ಅವನು ಕಾಣಬೇಕಾದದ್ದನ್ನೆಲ್ಲ
ಮೊದಲೇ ಹೋಗಿ ಜೋಡಿಸಿಟ್ಟು ಬಂದಿರಿ.

ನಿಮ್ಮ ದಿನಚರಿ ಮಹಡಿಯ ಪೆಟ್ಟಿಗೆಯಲ್ಲಿ ಸಿಕ್ಕಿತು.
ಅವನ ಬಗ್ಗೆ ನಾನೂರು ಪುಟ. ನನ್ನ ಬಗ್ಗೆ ಒಂದೂವರೆ.
ಹಲ್ಲು ಚೆನ್ನ. ನಡೆ ಮೆತ್ತಗೆ. ಓದಿನ ಗೀಳಿಲ್ಲ.
ಗೀಳಿಲ್ಲ, ಸರಿ.
ಅಜ್ಜನ ಉಪ್ಪಿನ ಲೆಕ್ಕದ ಚೀಟಿಗಳಲ್ಲಿ ಅಕ್ಷರ ಕಲಿತೆ,
ಒಲೆಗೆ ಹಾಕುವ ಮೊದಲು ಒಂದೊಂದನ್ನೇ.
ಎಂಬತ್ತು ಕದಿರು, ಎಂಬತ್ತು ದಾರ,
ಒಂದು ತಪ್ಪಿದರೆ ಹೂವೇ ಕೆಡುತ್ತದೆ:
ಆ ಲೆಕ್ಕ ನನ್ನ ಬೆರಳಲ್ಲಿತ್ತು.
ಎಲ್ಲವೂ ಅವನ ಲೇಸಿಗೆ ಅಂತ ಬರೆದಿದ್ದೀರಿ.
ನಾನು ಹೆಣೆಯುತ್ತಿದ್ದದ್ದೂ ಲೇಸೇ, ಮೇಷ್ಟ್ರೇ,
ಅಳತೆ ಮಾತ್ರ ಯಾರೂ ಕೇಳಲಿಲ್ಲ.

ಸಿಟ್ಟು ಯಾವುದಕ್ಕೆ ಗೊತ್ತೇ?
ನೀವು ಬಿತ್ತಿದ್ದು ಸುಳ್ಳು, ಮೊಳೆತದ್ದು ಸುಳ್ಳಲ್ಲ.
ಮಂಜಿನಿಂದ ಇಳಿದು ಬಂದು, ಟೋಪಿಯಿಂದ ನೀರು ಸುರಿಯುತ್ತ,
ಕ್ಷಮಿಸಿ, ಇದು ಯಾವ ಊರು, ಅಂತ ಅವನು ಕೇಳಿದನಲ್ಲ,
ಆ ಪ್ರಶ್ನೆಯೊಂದೇ ಆ ದಿನದ ನಿಜ.
ಹೆಸರು ಹೇಳುವಾಗ ನನ್ನ ಕೈಯ ಕದಿರು ಜಾರಿ
ನೆಲದ ಮೇಲೆ ಉರುಳುತ್ತ ಹೋಯಿತು.
ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ನಿನ್ನೆ ಊಟದ ಮೇಲೆ, ನನ್ನ ಹೊಟ್ಟೆ ನೋಡಿ ಅಂದಿರಿ:
ಗಂಡಾದರೆ ನನ್ನ ಕೈಗೆ ಕೊಡಿ. ಹೆಣ್ಣಾದರೆ...
ಅಷ್ಟಕ್ಕೆ ನಿಲ್ಲಿಸಿ ರೊಟ್ಟಿ ಮುರಿದುಕೊಂಡಿರಿ.
ಆ ಮುರಿದ ಮಾತನ್ನು ರಾತ್ರಿಯೆಲ್ಲ ತಿರುವಿ ನೋಡಿದೆ.

ಜೋನಾಸನಿಗೆ ನಾನೇ ಹೇಳುತ್ತೇನೆ.
ಬಿಸಿಲಿರುವ ದಿನ, ಆಚೆ ದಡ ಕಾಣುವ ಹಾಗಿರುವಾಗ,
ದೋಣಿಯ ನಡುವೆ ಕೂರಿಸಿಕೊಂಡು, ಹುಟ್ಟು ನನ್ನ ಕೈಯಲ್ಲಿಟ್ಟುಕೊಂಡು.
ಆಮೇಲೆ ಅವನು ನಿಮ್ಮನ್ನು ಏನು ಕೇಳುತ್ತಾನೋ ನನಗೆ ತಿಳಿಯದು.
ನನ್ನನ್ನೇನು ಕೇಳುತ್ತಾನೋ, ಅದೂ.

ಇವತ್ತು ಮೂರು ತಟ್ಟೆ ಇಟ್ಟಿದ್ದೇನೆ.
ದಾರಿ ತಪ್ಪಿ ಬಂದವರ ಹಾಗೆ ಬಾಗಿಲಲ್ಲಿ ಕೆಮ್ಮಬೇಡಿ.
ಕರೆದಿದ್ದೇನೆ, ಒಳಗೆ ಬನ್ನಿ,
ಸಾರು ಆರುತ್ತದೆ.